ನಾಟಕದ ‘ಸರ್ವ ಹಕ್ಕು’ ಬರೆದುಕೊಡಲು ಎಷ್ಟು ಹಣ ಕೇಳಬೇಕು?

ನಾಟಕದ ಎಲ್ಲ ಹಕ್ಕುಗಳಿಗೆ ಪ್ರಕಾಶಕರಲ್ಲಿ ಇಪ್ಪತ್ತು ಸಾವಿರ ಕೇಳಲೋ, ಮೂವತ್ತು ಸಾವಿರ ಕೇಳಲೋ ಎಂಬುದು ನಿಮ್ಮ ಪ್ರಶ್ನೆ. ಎಷ್ಟನ್ನೂ ಕೇಳಬೇಡಿ, ಬರೆದುಕೊಡಲೇಬೇಡಿ ಎಂಬುದು ನನ್ನ ಉತ್ತರ.

ನಾನು ಕುಷ್ಟಗಿ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ಊರ ಜಾತ್ರೆಗೆಂದು ಬರೆದ ನನ್ನ ಸಾಮಾಜಿಕ ನಾಟಕ ಸುತ್ತಲಿನ ಹಳ್ಳಿಗಳಲ್ಲಿ ಹೆಸರು ಮಾಡಿದಾಗ, ಅಂದರೆ 2012ರಲ್ಲಿ, ಪ್ರಕಾಶಕರೊಬ್ಬರು 8,000 ರೂಪಾಯಿ ಕೊಟ್ಟು, ಎಲ್ಲ ಹಕ್ಕುಗಳನ್ನು ಬರೆದುಕೊಟ್ಟಿದ್ದೇನೆ ಎಂಬ ಎರಡು ಸಾಲಿನ ಚೀಟಿಗೆ ಸಹಿ ಮಾಡಿಸಿಕೊಂಡರು. ಸಂತೆಯಲ್ಲಿ ಎತ್ತು ಮಾರಿ ಹಗ್ಗ ಕೈಗಿತ್ತ ಮೇಲೆ ಅದರ ಮೇಲೆ ನಮಗೇನು ಅಧಿಕಾರ ಎಂದುಕೊಂಡು ಸುಮ್ಮನಾದೆ.

ನಾನು ಕೆಟ್ಟದ್ದು ಆ ಚೀಟಿಯಿಂದಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕಿನ ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಾಗದಿದ್ದರೆ ಅದು 5 ವರ್ಷಕ್ಕೆ ಮಾತ್ರ ಸೀಮಿತ. ಪ್ರದೇಶ ನಮೂದಾಗದಿದ್ದರೆ ಭಾರತಕ್ಕೆ ಮಾತ್ರ. ನನ್ನ ಚೀಟಿಯಲ್ಲಿ ಅವಧಿಯೇ ಇರಲಿಲ್ಲ, ಹೀಗಾಗಿ 2017ರಲ್ಲಿ ನಾಟಕ ತಾನಾಗಿಯೇ ನನ್ನ ಮನೆಗೆ ಮರಳಿತ್ತು, ನನಗೆ ತಿಳಿದಿರಲಿಲ್ಲ. ಪ್ರಕಾಶಕರಿಗೆ ತಿಳಿದಿತ್ತೆಂದೇ ಕಾಣುತ್ತದೆ. ಏಕೆಂದರೆ ಮರುವರ್ಷ ಅವರು ಮನೆಗೇ ಬಂದು, ಶಾಲು ಹೊದಿಸಿ, ಮರುಮುದ್ರಣದ ಗೌರವಧನವೆಂದು 3,000 ರೂಪಾಯಿ ಕೈಗಿಟ್ಟು, ರಸೀದಿಯೆಂದು ಹೇಳಿ ಛಾಪಾ ಕಾಗದವೊಂದನ್ನು ಮುಂದೆ ಸರಿಸಿದರು. ಶಾಲಿನ ಸಂಕೋಚಕ್ಕೆ ನಾನು ಓದದೆ ಸಹಿ ಹಾಕಿದೆ. ಅದರಲ್ಲಿ ಮುದ್ರಣ, ಪ್ರದರ್ಶನ, ಧ್ವನಿಮುದ್ರಣ, ಚಲನಚಿತ್ರ, ಅನುವಾದ ಎಂದು ಒಂದೊಂದನ್ನೂ ಹೆಸರಿಸಿ, ಜಗತ್ತಿನಾದ್ಯಂತ, ಕೃತಿಸ್ವಾಮ್ಯದ ಪೂರ್ಣ ಅವಧಿಗೆ ಎಂದು ಬರೆದಿತ್ತು. ಪೂರ್ಣ ಅವಧಿಯೆಂದರೆ ನಾನು ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷ. ಕಾಯ್ದೆ ಪುಕ್ಕಟೆಯಾಗಿ ಹಿಂದಿರುಗಿಸಿದ್ದನ್ನು ನಾನು ಮೊಮ್ಮಕ್ಕಳ ಪಾಲನ್ನೂ ಸೇರಿಸಿ 3,000 ರೂಪಾಯಿಗೆ ಕೊಟ್ಟುಬಿಟ್ಟಿದ್ದೆ.

ಜಾತ್ರೆಯಲ್ಲಿ ಹವ್ಯಾಸಿಗಳು ಟಿಕೆಟ್ ಇಲ್ಲದೆ ಆಡುವ ನಾಟಕಕ್ಕೆ ಕಾಯ್ದೆಯೇ ವಿನಾಯಿತಿ ನೀಡಿದೆ, ಅಲ್ಲಿ ನಮಗೆ ಹುಟ್ಟುವುದೇನೂ ಇಲ್ಲ. ಹಣವಿರುವುದು ಟಿಕೆಟ್ ಇಟ್ಟು ಆಡುವ ವೃತ್ತಿ ಕಂಪನಿಗಳಲ್ಲಿ. ಅಂಥ ಕಂಪನಿಯೊಂದು ನನ್ನ ನಾಟಕವಾಡಿದಾಗ ಸಂಭಾವನೆ ಪ್ರಕಾಶಕರಿಗೆ ಸಂದಾಯವಾಯಿತು, ನಾನು ಟಿಕೆಟ್ ಕೊಂಡು ನೋಡಿದೆ. ನನ್ನ ಹೆಸರನ್ನು ತೆಗೆದಿದ್ದರು. ಹಕ್ಕು ಮಾರಿದ ಮೇಲೂ ಕರ್ತೃವಿನ ಹೆಸರು ಕರ್ತೃವಿಗೇ ಉಳಿಯುತ್ತದೆ ಎನ್ನುವ 57ನೇ ಕಲಮನ್ನು ತೋರಿಸಿ ವಕೀಲರಿಂದ ನೋಟಿಸ್ ಕೊಡಿಸಿದ ಮೇಲೆ ಹೆಸರು ಮರಳಿತು, ಹಣ ಮರಳಲಿಲ್ಲ.

ಆದ್ದರಿಂದ ನೀವು ಹಕ್ಕನ್ನೇ ವರ್ಗಾವಣೆ ಮಾಡದೆ, ಹಕ್ಕು ನಿಮ್ಮಲ್ಲೇ ಇಟ್ಟುಕೊಂಡು ಬಳಸಲು ಪರವಾನಗಿ ಮಾತ್ರ ಕೊಡಿ: ಕನ್ನಡದಲ್ಲಿ ಪುಸ್ತಕ ಮುದ್ರಿಸಿ ಮಾರಲು, 3 ವರ್ಷಕ್ಕೆ, ಪ್ರತಿಯೊಂದಕ್ಕೆ ಇಂತಿಷ್ಟು ರಾಯಧನ ಎಂದು, ಲಿಖಿತವಾಗಿ. ಪ್ರದರ್ಶನದ ಹಕ್ಕು ಲೇಖಕನದೇ ಎಂದು ಬೇರೆ ಸಾಲಿನಲ್ಲಿ ಬರೆಸಿ. ಪ್ರಕಾಶಕರು ಒಪ್ಪದಿದ್ದರೆ ಹಸ್ತಪ್ರತಿಯನ್ನು ವಾಪಸ್ ತನ್ನಿ. ಶಾಲು ತಂದರೆ, ಕಾಗದ ಓದಿ ಮುಗಿಯುವವರೆಗೆ ಅದನ್ನು ಹೊದೆಯಬೇಡಿ.