ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 15.6 ವೋಲ್ಟ್: ಆಲ್ಟರ್ನೇಟರ್ ಬದಲಿಸಲೇಬೇಕೆ?

ನಿಮ್ಮ 25 ವರ್ಷ ಹಳೆಯ ಕಾರಿನಲ್ಲಿ ಬ್ಯಾಟರಿ ನೀರು ಮೂರು ವಾರಕ್ಕೊಮ್ಮೆ ಬತ್ತುತ್ತಿದೆ, ಮಲ್ಟಿಮೀಟರ್ 15.6 ವೋಲ್ಟ್ ತೋರಿಸುತ್ತಿದೆ, ಮೆಕ್ಯಾನಿಕ್ ಆಲ್ಟರ್ನೇಟರನ್ನೇ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬದಲಿಸೋಣ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಮೂರು ಅಳತೆ ತೆಗೆದುಕೊಳ್ಳುವ ತನಕ ದಯವಿಟ್ಟು ಆ ಖರ್ಚಿಗೆ ಇಳಿಯಬೇಡಿ. ಕಾರನ್ನು ದೂರ ಓಡಿಸುವುದೂ ಬೇಡ. ಹೀಗೆ ಕುದಿಯುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯಬಲ್ಲದು.

ಆಲ್ಟರ್ನೇಟರ್ ಒಳಗೆ ತಿರುಗುವ ವಿದ್ಯುತ್ಕಾಂತವಾದ ರೋಟರ್‌ಗೆ ಎಷ್ಟು ಕರೆಂಟ್ ಬಿಡಬೇಕೆಂದು ತೀರ್ಮಾನಿಸುವುದು ರೆಗ್ಯುಲೇಟರ್, ಅಂದರೆ ಹಳೆಯ ಮೆಕ್ಯಾನಿಕ್‌ಗಳು ಕಟ್‌ಔಟ್ ಎನ್ನುವ ಭಾಗ. ತನ್ನ ಸೆನ್ಸ್ ವೈರ್‌ಗೂ (ಬ್ಯಾಟರಿ ವೋಲ್ಟೇಜನ್ನು ಅದಕ್ಕೆ ತಿಳಿಸುವ ತಂತಿ) ಅರ್ತ್‌ಗೂ (ಬ್ಯಾಟರಿ ನೆಗೆಟಿವ್ ಸೇರುವ ಕಾರಿನ ಬಾಡಿ) ನಡುವೆ ಸಿಗುವ ವೋಲ್ಟೇಜ್ ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು. ತುಕ್ಕು ಹಿಡಿದ ಫ್ಯೂಸ್ ಕ್ಲಿಪ್ಪಿನಲ್ಲೋ ಸವೆದ ಇಗ್ನಿಷನ್ ಸ್ವಿಚ್ಚಿನಲ್ಲೋ 1.2 ವೋಲ್ಟ್ ಸೋರಿಹೋದರೆ, ತನಗೆ 14.4 ಸಿಗುವವರೆಗೂ ಅದು ಆಲ್ಟರ್ನೇಟರನ್ನು ದುಡಿಸುತ್ತಲೇ ಇರುತ್ತದೆ, ಬ್ಯಾಟರಿಗೆ 15.6 ಬೀಳುತ್ತದೆ. ಇಂಥ ಕಾರಿಗೆ ಹೊಸ ಆಲ್ಟರ್ನೇಟರ್ ಹಾಕಿದರೂ ಮೀಟರ್ ಅದೇ ಅಂಕಿಯನ್ನೇ ತೋರಿಸುತ್ತದೆ.

ಮೊದಲು ಮೀಟರನ್ನೇ ಪರೀಕ್ಷಿಸಿ, ಏಕೆಂದರೆ ಒಳಗಿನ ಸೆಲ್ ಇಳಿದಾಗ ಅಗ್ಗದ ಮೀಟರ್‌ಗಳು ಹೆಚ್ಚು ತೋರಿಸುತ್ತವೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.5 ಸರಿಯಾದ ಅಳತೆ. ಈಗ ಬ್ಲೋವರ್ ಹಾಕಿ ನೋಡಿ: ಲೋಡ್ ಹೆಚ್ಚಿದಾಗ ಬ್ಯಾಟರಿ ವೋಲ್ಟೇಜ್ ಇಳಿಯುವ ಬದಲು ಏರಿದರೆ ದೋಷ ಬಹುತೇಕ ವೈರಿಂಗ್‌ನಲ್ಲಿದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್ ಟರ್ಮಿನಲ್‌ಗೂ ಇನ್ನೊಂದನ್ನು ಸೆನ್ಸ್ ವೈರ್ ತುದಿಗೂ ಹಿಡಿಯಿರಿ, 0.3 ವೋಲ್ಟ್ ಮೀರಿದರೆ ಆ ದಾರಿಯ ಒಂದೊಂದೇ ಜೋಡಣೆಯನ್ನು ಉಜ್ಜಿ ಬಿಗಿಗೊಳಿಸಬೇಕು.

ರೆಗ್ಯುಲೇಟರ್ ಪ್ರತ್ಯೇಕವಾಗಿ ಕಾರಿನ ಬಾಡಿಯ ಮೇಲೆ ಕೂತಿದ್ದರೆ ಅದರ ಕವಚಕ್ಕೂ ಬ್ಯಾಟರಿ ನೆಗೆಟಿವ್‌ಗೂ ನಡುವಿನ ಅಳತೆ ಬಹಳ ಮುಖ್ಯ, ಏಕೆಂದರೆ ಅದಕ್ಕೆ ಅರ್ತ್ ಸಿಗುವುದು ಆ ಕವಚದಿಂದಲೇ. ನನ್ನ ಹಳೆಯ ಕಾರಿಗೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ ಮರುವಾರವೇ ಓವರ್‌ಚಾರ್ಜ್ ಶುರುವಾಗಿತ್ತು. ಕಟ್‌ಔಟ್‌ನ ಸ್ಕ್ರೂ ಬಿಚ್ಚಿದಾಗ ಅದರ ಕಿವಿಯ (ಸ್ಕ್ರೂ ಕೂರುವ ಚಾಚು) ಕೆಳಗೆ ಹೊಸ ಬಣ್ಣದ ದಪ್ಪ ಪದರ ಕಂಡಿತು. ಉಗುರಗಲದ ಜಾಗವನ್ನು ಬರಿ ತಗಡು ಹೊಳೆಯುವವರೆಗೆ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದೆ, 15.4 ಇದ್ದದ್ದು 14.3ಕ್ಕೆ ಇಳಿಯಿತು.

ರೆಗ್ಯುಲೇಟರ್ ಆಲ್ಟರ್ನೇಟರ್ ಒಳಗೇ ಇದ್ದು ಬೇರೆ ಸೆನ್ಸ್ ವೈರ್ ಇಲ್ಲದಿದ್ದರೆ ಈ ವಾದ ನಡೆಯದು. ಆಗ ದೋಷ ರೆಗ್ಯುಲೇಟರ್‌ನದೇ, ಇಲ್ಲವೆ ರೋಟರ್‌ಗೆ ಕರೆಂಟ್ ಮುಟ್ಟಿಸುವ ಬ್ರಶ್ ಆಲ್ಟರ್ನೇಟರ್‌ನ ಲೋಹದ ಕವಚಕ್ಕೆ ತಾಗಿ ರೋಟರ್‌ಗೆ ಪೂರ್ತಿ ಕರೆಂಟ್ ಹರಿಯುತ್ತಿದೆ. ಆಗಲೂ ಅನೇಕ ಮಾದರಿಗಳಲ್ಲಿ ಬ್ರಶ್ ಸಮೇತ ರೆಗ್ಯುಲೇಟರ್ ಮಾತ್ರ ಬದಲಿಸಬಹುದು. ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್‌ಗೆ ಅದು ಹೆಚ್ಚು ಹೊತ್ತಿನ ಕೆಲಸವಲ್ಲ.

ಪರೀಕ್ಷೆಗೆಂದು ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಳಚುವ ಅಭ್ಯಾಸ ಕೆಲವರಿಗಿದೆ. ನಿಮ್ಮ ಕಾರಿನಲ್ಲಿ ಅದನ್ನು ಯಾರಿಗೂ ಮಾಡಗೊಡಬೇಡಿ. ಆ ಕ್ಷಣ ಏಳುವ ವೋಲ್ಟೇಜ್ ಆಲ್ಟರ್ನೇಟರ್‌ನ ಡಯೋಡ್‌ಗಳನ್ನೇ ಸುಡಬಹುದು. ದುರಸ್ತಿಯ ನಂತರ ಡಿಸ್ಟಿಲ್ಡ್ ವಾಟರ್ ತುಂಬಿ, 20 ನಿಮಿಷ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಇನ್ನೊಮ್ಮೆ ಅಳೆಯಿರಿ.