ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾಝ್ ಸ್ಯಾಕ್ಸೊಫೋನಿನಲ್ಲಿ ನಾಲಿಗೆ ಮತ್ತು ಉಸಿರು

ಸ್ಯಾಕ್ಸೊಫೋನ್ ಕಲಿಯುತ್ತಿರುವ ಕೆಲವು ಓದುಗರು ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದ ಮಾತು ಬೇರೆ ಬೇರೆಯಾದರೂ ಎಲ್ಲರ ತೊಡಕು ಒಂದೇ ಕಡೆ ಸೇರುತ್ತದೆ. ಬೆರಳುಗಳು ಪಾಠವನ್ನು ಒಪ್ಪಿಸುತ್ತಿವೆ, ಆದರೆ ಕೇಳಿಸುವುದು ಜಾಝ್ ಆಗುತ್ತಿಲ್ಲ.

ಪ್ರಶ್ನೆ: ಆಲ್ಟೊ ಸ್ಯಾಕ್ಸೊಫೋನನ್ನು ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಕಲಿತ ನಾನು ಈಗ ಜಾಝ್ ಅಭ್ಯಾಸ ಮಾಡುತ್ತಿದ್ದೇನೆ. ಪುಸ್ತಕದಲ್ಲಿ ಹೇಳಿರುವಂತೆ, ಅರ್ಧ ಬೀಟಿನ (ಬೀಟು ಎಂದರೆ ತಾಳದ ಒಂದು ಎಣಿಕೆ) ಜೋಡಿ ಸ್ವರಗಳಲ್ಲಿ ಮೊದಲನೆಯದನ್ನು ಉದ್ದವಾಗಿಯೂ ಎರಡನೆಯದನ್ನು ಗಿಡ್ಡವಾಗಿಯೂ ನುಡಿಸುತ್ತೇನೆ. ಆದರೂ ನನ್ನ ವಾದನ ಕುಂಟಿದಂತೆ ಕೇಳಿಸುತ್ತದೆ. ಏನು ಕಾರಣ?

ಉತ್ತರ: ಉದ್ದ ಮತ್ತು ಗಿಡ್ಡ ಸ್ವರಗಳ ನಡುವೆ ಎರಡಕ್ಕೊಂದು ಎಂಬ ಅನುಪಾತ ಪಾಠ ಹೇಳುವವರ ಅನುಕೂಲಕ್ಕಾಗಿ ಬಂದ ಸರಳ ಸೂತ್ರವೇ ಹೊರತು, ಒಳ್ಳೆಯ ವಾದಕರು ಅದನ್ನು ಅಳೆದು ಪಾಲಿಸುವುದಿಲ್ಲ. ಆಂಡರ್ಸ್ ಫ್ರೀಬರ್ಗ್ ಮತ್ತು ಆಂಡ್ರಿಯಾಸ್ ಸುಂಡ್‌ಸ್ಟ್ರೋಮ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾಝ್ ಧ್ವನಿಮುದ್ರಣಗಳನ್ನು ಅಳೆದು ನೋಡಿದ್ದಾರೆ. ಡ್ರಮ್ ವಾದಕರ ಸಿಂಬಲ್ (ಲೋಹದ ತಟ್ಟೆ) ನಡೆಯಲ್ಲಿ ಈ ಅನುಪಾತ ನಿಧಾನಗತಿಯಲ್ಲಿ ಮೂರೂವರೆಗೆ ಒಂದರಷ್ಟು ಹೆಚ್ಚುತ್ತದೆ. ವೇಗ ಏರಿದಂತೆ ಇಳಿಯುತ್ತ ಬಂದು ಅತಿ ವೇಗದಲ್ಲಿ ಎರಡೂ ಸ್ವರಗಳು ಹೆಚ್ಚುಕಡಿಮೆ ಸಮನಾಗುತ್ತವೆ. ಸೋಲೊ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗವನ್ನು, ನುಡಿಸುವವರ ಅನುಪಾತ ಡ್ರಮ್ ವಾದಕರದ್ದಕ್ಕಿಂತಲೂ ಕಡಿಮೆ. ಅವರು ಬೀಟಿನ ಮೇಲೆ ಬೀಳುವ ಸ್ವರವನ್ನು ಸಿಂಬಲ್‌ಗಿಂತ ಕೂದಲೆಳೆಯಷ್ಟು ತಡವಾಗಿ ನುಡಿಸುತ್ತಾರೆ, ಎರಡು ಬೀಟುಗಳ ನಡುವಿನ ಸ್ವರವನ್ನು, ಅಂದರೆ ಆಫ್‌ಬೀಟನ್ನು, ಸಿಂಬಲ್ ಜೊತೆಗೇ ನುಡಿಸುತ್ತಾರೆ. ಜರ್ಮನಿಯ ಗಾಟಿಂಗನ್ನಿನ ಸಂಶೋಧಕರು 2022ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ಬೀಟಿನ ಮೇಲಿನ ಸ್ವರಗಳನ್ನು ಮಾತ್ರ ಸುಮಾರು 30 ಮಿಲಿಸೆಕೆಂಡು ತಡಮಾಡಿದ ಆವೃತ್ತಿಗೆ ಕೇಳುಗರಾದ ಸಂಗೀತಗಾರರು ಹೆಚ್ಚು ಅಂಕ ಕೊಟ್ಟರು, ಆದರೆ ವ್ಯತ್ಯಾಸ ಎಲ್ಲಿದೆಯೆಂದು ಹೇಳಲು ಅವರಿಗೂ ಆಗಲಿಲ್ಲ.

30 ಮಿಲಿಸೆಕೆಂಡನ್ನು ಎಣಿಸಿ ನುಡಿಸಲು ಯಾರಿಗೂ ಸಾಧ್ಯವಿಲ್ಲ. ಅದನ್ನು ಸಾಧಿಸುವ ದಾರಿ ನಾಲಿಗೆಯಲ್ಲಿದೆ. ಶಾಸ್ತ್ರೀಯ ಪದ್ಧತಿಯಲ್ಲಿ ಕಲಿತವರು ಸಹಜವಾಗಿ ಬೀಟಿನ ಮೇಲಿನ ಸ್ವರಕ್ಕೆ ನಾಲಿಗೆಯನ್ನು ರೀಡಿಗೆ (ಕಂಪಿಸಿ ನಾದ ಹುಟ್ಟಿಸುವ ತೆಳು ಪಟ್ಟಿಗೆ) ತಾಗಿಸಿ, ಮುಂದಿನ ಸ್ವರವನ್ನು ಅದಕ್ಕೆ ಸ್ಲರ್ ಮಾಡಿ, ಅಂದರೆ ಮತ್ತೆ ನಾಲಿಗೆ ತಾಗಿಸದೆ ಒಂದೇ ಉಸಿರಿನಲ್ಲಿ, ಸೇರಿಸುತ್ತಾರೆ. ಇದಕ್ಕೆ ಉದ್ದ-ಗಿಡ್ಡದ ಅನುಪಾತವನ್ನೂ ಕೂಡಿಸಿದರೆ ಬೀಟಿನ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ. ನೀವು ಹೇಳುವ ಕುಂಟು ನಡಿಗೆ ಹುಟ್ಟುವುದು ಅಲ್ಲಿಯೇ. ಜಾಝ್‌ನಲ್ಲಿ ಇದನ್ನು ತಿರುಗಿಸಬೇಕು: ಆಫ್‌ಬೀಟಿಗೆ ನಾಲಿಗೆ ತಾಗಿಸಿ, ಅಲ್ಲಿಂದ ಮುಂದಿನ ಬೀಟಿನೊಳಕ್ಕೆ ಸ್ಲರ್ ಮಾಡಬೇಕು. ಸಿ ಮೇಜರ್ ಸ್ಕೇಲನ್ನೇ ತೆಗೆದುಕೊಳ್ಳಿ. ಅರ್ಧ ಬೀಟಿಗೊಂದು ಸ್ವರದಂತೆ ಏರುವಾಗ ಮೊದಲ ಸಿ ಸ್ವರಕ್ಕೆ ನಾಲಿಗೆ ತಾಗಿಸಿ. ಆಮೇಲೆ ಡಿ ಸ್ವರಕ್ಕೆ ತಾಗಿಸಿ ಅದನ್ನು ಇ ಸ್ವರಕ್ಕೂ, ಎಫ್ ಸ್ವರಕ್ಕೆ ತಾಗಿಸಿ ಅದನ್ನು ಜಿ ಸ್ವರಕ್ಕೂ, ಎ ಸ್ವರಕ್ಕೆ ತಾಗಿಸಿ ಅದನ್ನು ಬಿ ಸ್ವರಕ್ಕೂ ಸೇರಿಸಿ. ನಿಮಿಷಕ್ಕೆ 80 ಬೀಟಿನಷ್ಟು ನಿಧಾನಗತಿಯಲ್ಲಿ ಆರಂಭಿಸಿ, ಮೊದಲು ಉದ್ದ-ಗಿಡ್ಡ ಮಾಡುವುದನ್ನು ಪೂರ್ತಿ ಬಿಟ್ಟು ಎಲ್ಲ ಸ್ವರಗಳನ್ನೂ ಸಮವಾಗಿಯೇ ನುಡಿಸಿ. ಸ್ವರಗಳ ಅಳತೆಯನ್ನು ನೀವು ಬದಲಿಸದೇ ಇದ್ದರೂ ನಡೆ ಮುಂದಕ್ಕೆ ವಾಲತೊಡಗುವುದು ನಿಮಗೇ ತಿಳಿಯುತ್ತದೆ.

ನಾಲಿಗೆಯ ಹೊಡೆತ 'ಟ' ಅಲ್ಲ, 'ದ'. ಸ್ವರವನ್ನು ಹುಟ್ಟಿಸುವುದು ಉಸಿರು. ನಾಲಿಗೆ ರೀಡಿನಿಂದ ಸರಿದು ದಾರಿ ಬಿಡುತ್ತದೆ, ಅಷ್ಟೆ. ಒತ್ತು ಬೇಕಾದಲ್ಲಿ ಅದನ್ನೂ ಉಸಿರಿನಿಂದಲೇ ಕೊಡಿ. ಸಾಲಿನಲ್ಲಿ ಏರಿಕೆ ಮುಗಿದು ಇಳಿಕೆ ಆರಂಭವಾಗುವ ತುದಿಯ ಸ್ವರ ಸಾಮಾನ್ಯವಾಗಿ ಒತ್ತನ್ನು ಕೇಳುತ್ತದೆ. ಪ್ರತಿ ಆಫ್‌ಬೀಟಿಗೂ ಸಮನಾಗಿ ಒತ್ತು ಕೊಟ್ಟರೆ ಹಳೆಯ ಯಾಂತ್ರಿಕತೆ ಹೋಗಿ ಹೊಸದೊಂದು ಬಂದಂತಾಗುತ್ತದೆ. ಈ ಆಫ್‌ಬೀಟ್ ಕ್ರಮವನ್ನೂ ಶಾಸನವೆಂದು ತಿಳಿಯಬೇಡಿ. ಧ್ವನಿಮುದ್ರಣಗಳನ್ನು ಗಮನವಿಟ್ಟು ಕೇಳಿದರೆ, ಯಾವ ದೊಡ್ಡ ವಾದಕರೂ ಎರಡು ಬಾರ್‌ಗಿಂತ (ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಬೀಟುಗಳ ಒಂದು ಗುಂಪು) ಹೆಚ್ಚು ಕಾಲ ಅದನ್ನು ಒಂದೇ ಸಮನೆ ಪಾಲಿಸುವುದು ಅಪರೂಪ. ಅದು ನಾಲಿಗೆಯ ಹಳೆಯ ಅಭ್ಯಾಸವನ್ನು ಬಿಡಿಸುವ ಸಾಧನ.

ಪ್ರಶ್ನೆ: ಆಲ್ಟೊ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಸೋಲೊಗಳಲ್ಲಿ ಕೆಲವು ಸ್ವರಗಳು ಇವೆಯೋ ಇಲ್ಲವೋ ಎಂಬಂತೆ ಕೇಳಿಸುತ್ತವೆ. ಅದನ್ನು ಅನುಸರಿಸಲು ಉಸಿರನ್ನು ಕಡಿಮೆ ಮಾಡಿದರೆ ನನ್ನ ಸ್ವರವೇ ನಿಂತುಹೋಗುತ್ತದೆ.

ಉತ್ತರ: ಉಸಿರನ್ನು ಕಡಿಮೆ ಮಾಡುವುದೇ ತೊಂದರೆಯ ಮೂಲ. ಇವನ್ನು ಘೋಸ್ಟ್ ಸ್ವರಗಳೆನ್ನುತ್ತಾರೆ; ಇಲ್ಲಿ ಉಸಿರು ಪೂರ್ಣವಾಗಿ ಹರಿಯುತ್ತಲೇ ಇರುತ್ತದೆ, ರೀಡಿನ ಕಂಪನವನ್ನು ನಾಲಿಗೆ ಅರ್ಧದಷ್ಟು ಮಾತ್ರ ತಡೆಯುತ್ತದೆ.

ಕಲಿಯುವ ಕ್ರಮ ಹೀಗಿದೆ. ನಡುಸ್ಥಾಯಿಯ ಜಿ ಸ್ವರವನ್ನು ಉದ್ದವಾಗಿ ಹಿಡಿದುಕೊಳ್ಳಿ. ಸ್ವರ ನಡೆಯುತ್ತಿರುವಾಗಲೇ ನಾಲಿಗೆಯನ್ನು ಬಹಳ ನಿಧಾನವಾಗಿ ರೀಡಿನ ತುದಿಯ ಒಂದು ಮೂಲೆಗೆ, ಎಡವೋ ಬಲವೋ ನಿಮಗೆ ಒಗ್ಗುವ ಕಡೆಗೆ, ತನ್ನಿ. ಇಡೀ ತುದಿಯನ್ನು ಮುಚ್ಚಿದರೆ ಸ್ವರ ಸಾಯುತ್ತದೆ. ಮೂಲೆಯನ್ನಷ್ಟೇ ಸವರಿದರೆ ಸ್ವರದ ಹೊಳಪು ಹೋಗಿ, ಮೂಗಿನೊಳಗೆ ಗುನುಗಿದಂಥ ಮಂಕು ನಾದವೊಂದು ಉಳಿಯುತ್ತದೆ. ನಾಲಿಗೆಯ ಅಂಚಿನಲ್ಲಿ ಸಣ್ಣ ಕಚಗುಳಿ ಅನುಭವಕ್ಕೆ ಬಂದರೆ ಜಾಗ ಸರಿಯಾಗಿದೆ ಎಂದರ್ಥ. ಆ ಮಂಕು ನಾದವನ್ನು ನಾಲ್ಕು ಬೀಟುಗಳ ಕಾಲ ಅಲುಗಾಡದಂತೆ ಹಿಡಿಯಲು ಬಂದ ಮೇಲೆ, ತೆರೆದ ಸ್ವರಕ್ಕೆ 'ದೂ' ಎಂದೂ ತಡೆದ ಸ್ವರಕ್ಕೆ 'ನ್' ಎಂದೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ 'ದೂ-ನ್, ದೂ-ನ್' ಎಂದು ಒಂದೇ ಸ್ವರದ ಮೇಲೆ ಆವರ್ತಿಸಿ. ಆಮೇಲೆ ಮಾತ್ರ ಬೆರಳುಗಳನ್ನು ಸೇರಿಸಿ. ಈ ಅಭ್ಯಾಸದಲ್ಲಿ ಹೆಚ್ಚಿನವರು ತಿಳಿಯದೆಯೇ ದವಡೆಯನ್ನು ಬಿಗಿಯುತ್ತಾರೆ ಮತ್ತು ಅದರಿಂದ ಶ್ರುತಿ ಏರುತ್ತದೆ. ಶ್ರುತಿ ತೋರಿಸುವ ಟ್ಯೂನರ್ ಎದುರಿಗಿಟ್ಟುಕೊಂಡರೆ ಅದು ಕೂಡಲೇ ಗೊತ್ತಾಗುತ್ತದೆ.

ಯಾವ ಸ್ವರವನ್ನು ಹೀಗೆ ಮಂಕಾಗಿಸಬೇಕು ಎಂಬುದಕ್ಕೆ ಖಚಿತ ನಿಯಮವಿಲ್ಲ. ಎರಡು ಮುಖ್ಯ ಸ್ವರಗಳ ನಡುವೆ ದಾಟುವ ಸ್ವರಗಳು, ಸಾಲಿನ ತಗ್ಗಿನಲ್ಲಿರುವ ಸ್ವರಗಳು ಇದಕ್ಕೆ ಹೆಚ್ಚಾಗಿ ಒಪ್ಪುತ್ತವೆ. ಪಾರ್ಕರ್ ಅವರ ಸೋಲೊ ಒಂದನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ, ಮುದ್ರಿತ ಸ್ವರಲಿಪಿಯಲ್ಲಿ ಮಂಕಾದ ಪ್ರತಿಯೊಂದು ಸ್ವರವನ್ನೂ ಪೆನ್ಸಿಲಿನಿಂದ ಆವರಣದೊಳಗೆ ಹಾಕಿ. ಪುಟದ ಮೇಲೆ ಒಂದೇ ಗಾತ್ರದಲ್ಲಿ ಕಾಣುವ ಎಂಟು ಸ್ವರಗಳಲ್ಲಿ ನಿಜವಾಗಿ ಎದ್ದು ಕೇಳಿಸುವುದು ಮೂರೋ ನಾಲ್ಕೋ ಎಂದು ತಿಳಿದಾಗ, ಅವರ ವೇಗದ ಸಾಲುಗಳೂ ಹಾಡಿದಂತಿರುವುದು ಏಕೆಂಬುದು ಅರ್ಥವಾಗುತ್ತದೆ.

ಪ್ರಶ್ನೆ: ವೇಗ ಹೆಚ್ಚಾದಾಗ ನನ್ನ ನಾಲಿಗೆ ಬೆರಳುಗಳಿಗಿಂತ ಹಿಂದೆ ಬೀಳುತ್ತದೆ. ಡಬಲ್ ಟಂಗಿಂಗ್ ಕಲಿಯಬೇಕೇ? ರೀಡ್ ಅಥವಾ ಮೌತ್‌ಪೀಸ್ ಬದಲಾಯಿಸಿದರೆ ಅನುಕೂಲವಾದೀತೇ?

ಉತ್ತರ: ಡಬಲ್ ಟಂಗಿಂಗ್ ಎಂದರೆ 'ತ' ಮತ್ತು 'ಕ' ಅಕ್ಷರಗಳನ್ನು ಸರದಿಯಲ್ಲಿ ಬಳಸುವುದು. ಇದು ತುತ್ತೂರಿ ಮತ್ತು ಕೊಳಲು ವಾದಕರಿಗೆ ಸಲೀಸು. ಸ್ಯಾಕ್ಸೊಫೋನಿನಲ್ಲಿ ಮೌತ್‌ಪೀಸ್ ಬಾಯೊಳಗೇ ಇರುವುದರಿಂದ 'ಕ' ಮಂದವಾಗುತ್ತದೆ. ಸಾಧಿಸಿದವರಿದ್ದಾರೆ, ಆದರೆ ನಿಮ್ಮ ಸಮಸ್ಯೆಗೆ ಅದು ಮದ್ದಲ್ಲ. ವೇಗದ ಜಾಝ್ ಸಾಲಿನಲ್ಲಿ ಪ್ರತಿ ಸ್ವರಕ್ಕೂ ನಾಲಿಗೆ ತಾಗಿಸುವ ಅಗತ್ಯವೇ ಬರುವುದಿಲ್ಲ. ವೇಗ ಏರಿದಂತೆ ವಾದಕರು ಸ್ಲರನ್ನು ಹೆಚ್ಚಿಸುತ್ತ ಹೋಗಿ, ಸಾಲಿನ ಆರಂಭಕ್ಕೂ ತಿರುವುಗಳಿಗೂ ಮಾತ್ರ ನಾಲಿಗೆಯನ್ನು ಮೀಸಲಿಡುತ್ತಾರೆ.

ಈ ವಾದ್ಯದ ಚರಿತ್ರೆಯೂ ಇದೇ ದಿಕ್ಕಿನಲ್ಲಿ ಸಾಗಿದೆ. 1920ರ ದಶಕದಲ್ಲಿ ರೀಡನ್ನು ಚಟ್ಟನೆ ಬಡಿಯುವ ಸ್ಲ್ಯಾಪ್ ಟಂಗಿಂಗ್ ಜನಪ್ರಿಯವಾಗಿತ್ತು. ಫ್ಲೆಚರ್ ಹೆಂಡರ್ಸನ್ ಅವರ ವಾದ್ಯವೃಂದದಲ್ಲಿದ್ದ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ತಮ್ಮ ಆರಂಭದ ಧ್ವನಿಮುದ್ರಣಗಳಲ್ಲಿ ಹಾಗೆಯೇ ನುಡಿಸಿದ್ದಾರೆ. ಅವರೇ 1939ರಲ್ಲಿ ಧ್ವನಿಮುದ್ರಿಸಿದ 'ಬಾಡಿ ಆ್ಯಂಡ್ ಸೋಲ್' ಕೇಳಿದರೆ ಆ ಚಟಪಟ ಸಂಪೂರ್ಣ ಮಾಯವಾಗಿ, ಸ್ವರಗಳು ಒಂದರೊಳಗೊಂದು ಹರಿಯುತ್ತವೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳುವುದು ಎಷ್ಟೋ ಪಾಠಗಳಿಗೆ ಸಮ.

ಹಾಗೆಂದು ನಾಲಿಗೆಯ ಚುರುಕು ಬೇಡವೆಂದಲ್ಲ. ಕನ್ನಡಿಯ ಮುಂದೆ ನಿಂತು ಒಂದೇ ಸ್ವರದ ಮೇಲೆ ಬೀಟಿಗೆ ನಾಲ್ಕು ಸಲದಂತೆ ನಾಲಿಗೆ ತಾಗಿಸಿ ನೋಡಿ. ಗಲ್ಲವಾಗಲಿ ಗಂಟಲಾಗಲಿ ಅಲುಗುತ್ತಿದ್ದರೆ ಇಡೀ ನಾಲಿಗೆ ದುಡಿಯುತ್ತಿದೆ ಎಂದರ್ಥ. ತುದಿಯ ಅಥವಾ ತುದಿಗಿಂತ ತುಸು ಹಿಂದಿನ ಸಣ್ಣ ಭಾಗ ಮಾತ್ರ ರೀಡಿನ ತುದಿಯನ್ನು ಸವರಬೇಕು, ಸವರಿದ ಮೇಲೆ ದೂರ ಹೋಗದೆ ಅಲ್ಲೇ ಪಕ್ಕದಲ್ಲಿ ನಿಲ್ಲಬೇಕು. ನಾಲಿಗೆಯ ಉದ್ದ ಎಲ್ಲರದೂ ಒಂದೇ ಅಲ್ಲವಾದ್ದರಿಂದ ನಿಖರವಾದ ಜಾಗವನ್ನು ನೀವೇ ಕಂಡುಕೊಳ್ಳಬೇಕು. ಸ್ವರ ಸ್ವಚ್ಛವಾಗಿರುವ ವೇಗದಿಂದ ಆರಂಭಿಸಿ, ಬೀಟು ಹೊಡೆದು ತೋರಿಸುವ ಸಾಧನವಾದ ಮೆಟ್ರೊನೋಮನ್ನು ಸ್ವಲ್ಪ ಸ್ವಲ್ಪವೇ ಏರಿಸಿ.

ರೀಡಿನ ಬಗ್ಗೆ ಇಷ್ಟೇ: ನಿಮ್ಮ ಮೌತ್‌ಪೀಸಿಗೆ ಮೀರಿದ ಗಡಸು ರೀಡು ಹಗುರವಾದ ಸ್ಪರ್ಶಕ್ಕೆ ತಡವಾಗಿ ಸ್ಪಂದಿಸುತ್ತದೆ. ಕೆಳಸ್ಥಾಯಿಯ ಸ್ವರವನ್ನು ಮೆಲ್ಲಗೆ, ನಾಲಿಗೆ ತಾಗಿಸಿ ಆರಂಭಿಸಿದಾಗ ಮೊದಲು ಬರೀ ಗಾಳಿ ಬಂದು ಆಮೇಲೆ ಸ್ವರ ಬರುವುದಾದರೆ ಗಡಸುತನ ಸೂಚಿಸುವ ಸಂಖ್ಯೆಯಲ್ಲಿ ಅರ್ಧ ಹೆಜ್ಜೆ ಮೆದುವಾದ ರೀಡನ್ನು ಪ್ರಯತ್ನಿಸಿ. ಮೌತ್‌ಪೀಸನ್ನು ಸದ್ಯಕ್ಕೆ ಮುಟ್ಟಬೇಡಿ.

ಪ್ರಶ್ನೆ: ಸ್ಕೇಲುಗಳು, ಕಾರ್ಡುಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಎಲ್ಲವೂ ಬಾಯಿಪಾಠವಾಗಿವೆ. ಆದರೆ ಸೋಲೊ ನುಡಿಸಿದರೆ ಬರೀ ಸ್ವರಗಳ ಸಾಲಾಗುತ್ತದೆ, ಹೇಳಿಕೆಯಾಗುವುದಿಲ್ಲ. ಫ್ರೇಸನ್ನು, ಅಂದರೆ ಸಂಗೀತದ ಒಂದು ವಾಕ್ಯವನ್ನು, ಎಲ್ಲಿ ಆರಂಭಿಸಿ ಎಲ್ಲಿ ಮುಗಿಸಬೇಕು?

ಉತ್ತರ: ನಿಮ್ಮ ಸೋಲೊವನ್ನು ಒಮ್ಮೆ ಧ್ವನಿಮುದ್ರಿಸಿಕೊಂಡು, ಪ್ರತಿ ಫ್ರೇಸು ಎಲ್ಲಿ ಆರಂಭವಾಗುತ್ತದೆಂದು ಬರೆದುಕೊಳ್ಳಿ. ಬಹುಪಾಲು ಬಾರ್‌ನ ಒಂದನೇ ಬೀಟಿನಲ್ಲೇ ಆರಂಭವಾಗಿ, ಕಾರ್ಡು ಬದಲಾಗುವಲ್ಲಿ ಇಲ್ಲವೇ ಉಸಿರು ಮುಗಿದಲ್ಲಿ ನಿಂತಿರುತ್ತವೆ. ಬ್ಲೂಸ್ ಎಂಬ ಹನ್ನೆರಡು ಬಾರ್‌ಗಳ ಹಾಡಿನ ರೂಪ ನಾಲ್ಕು ನಾಲ್ಕು ಬಾರ್‌ಗಳ ಮೂರು ಭಾಗಗಳಾಗಿ ಒಡೆಯುವುದು ನಿಜ, ಆದರೆ ವಾದಕರು ಆ ಗೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವುಗಳ ಮೇಲೆ ಹಾಯ್ದು ಹೋಗುತ್ತಾರೆ. ಎರಡು ಬಾರ್ ನುಡಿಸಿ ಎರಡು ಬಾರ್ ಸುಮ್ಮನಿರುವ ಕಟ್ಟುಪಾಡು ಹಾಕಿಕೊಳ್ಳಿ. ಅದರೊಳಗೆ ಒಂದು ದಿನ ಎಲ್ಲ ಫ್ರೇಸುಗಳನ್ನೂ ಎರಡನೇ ಬೀಟಿನ ನಂತರದ ಆಫ್‌ಬೀಟಿನಿಂದಲೇ, ಮತ್ತೊಂದು ದಿನ ನಾಲ್ಕನೇ ಬೀಟಿನ ನಂತರದ ಆಫ್‌ಬೀಟಿನಿಂದಲೇ ಆರಂಭಿಸಿ. ಸುಮ್ಮನಿರುವ ಬಾರ್‌ಗಳಲ್ಲಿ ಉಸಿರನ್ನು ಆತುರವಿಲ್ಲದೆ ತುಂಬಿಕೊಳ್ಳಿ. ಮೆಟ್ರೊನೋಮನ್ನು ಎರಡನೇ ಮತ್ತು ನಾಲ್ಕನೇ ಬೀಟಿಗೆ ಮಾತ್ರ ಹೊಡೆಯುವಂತೆ ಇಟ್ಟುಕೊಂಡರೆ ಒಂದನೇ ಬೀಟನ್ನು ನೀವೇ ಹೊತ್ತುಕೊಳ್ಳಬೇಕಾಗುತ್ತದೆ.

ಫ್ರೇಸಿನ ಕೊನೆಯ ಸ್ವರಕ್ಕೂ ಗಮನ ಬೇಕು. ಶಾಸ್ತ್ರೀಯ ಶಿಕ್ಷಣ ಸ್ವರವನ್ನು ಉಸಿರಿನಿಂದ ಕ್ಷೀಣಿಸಿ ಮುಗಿಸಲು ಹೇಳುತ್ತದೆ. ಜಾಝ್‌ನಲ್ಲಿ ಕೊನೆಯ ಗಿಡ್ಡ ಸ್ವರವನ್ನು ಎಷ್ಟೋ ಸಲ 'ದಾತ್' ಎಂದು ನಾಲಿಗೆಯನ್ನೇ ಮರಳಿ ರೀಡಿಗೆ ತಾಗಿಸಿ ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದ ಸ್ವರ ಆಫ್‌ಬೀಟಿನ ಮೇಲಿದ್ದರೆ, ಅದರ ನಂತರದ ಮೌನವೂ ತಾಳದಲ್ಲಿ ನಡೆಯುತ್ತದೆ.

ಇನ್ನುಳಿದದ್ದನ್ನು ಕಿವಿಯಿಂದಲೇ ಕಲಿಯಬೇಕು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರ 1930ರ ದಶಕದ ಸೋಲೊಗಳಿಂದ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಸ್ವರಗಳು ಕಡಿಮೆ, ಬಿಡುವು ಹೆಚ್ಚು. ಪಾರ್ಕರ್ ಕೂಡ ಹರೆಯದಲ್ಲಿ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತವರೇ. ತಾನು ನುಡಿಸುವ ಹಾಡಿನ ಸಾಹಿತ್ಯ ವಾದಕನಿಗೆ ತಿಳಿದಿರಬೇಕೆಂದು ಯಂಗ್ ಹೇಳುತ್ತಿದ್ದರು. ಪದಗಳು ಎಲ್ಲಿ ಒಡೆಯುತ್ತವೆಂದು ಬಲ್ಲವರಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ನಾಲ್ಕು ಬಾರ್‌ಗಳಷ್ಟನ್ನು ಆರಿಸಿ, ಮೊದಲು ವಾದ್ಯವಿಲ್ಲದೆ ಧ್ವನಿಮುದ್ರಣದ ಜೊತೆಗೇ 'ದೂ', 'ನ್', 'ದಾತ್' ಎಂದು ಹಾಡಿ. ಬಾಯಲ್ಲಿ ಅದು ಹದವಾಗಿ ಕುಳಿತ ಮೇಲೆ ವಾದ್ಯ ಎತ್ತಿಕೊಳ್ಳಿ, ಬರೆದುಕೊಳ್ಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಸ್ಯಾಕ್ಸೊಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್ ಅವರಂತೆ ಬೀಟಿಗಿಂತ ಹಿಂದೆ ಸರಿದು ನುಡಿಸುವ ಶೈಲಿ ಬಹಳ ಆಕರ್ಷಕ. ಆದರೆ ನಿಮ್ಮ ತಾಳ ಗಟ್ಟಿಯಾಗುವ ತನಕ ಅದನ್ನು ಅನುಕರಿಸಬೇಡಿ, ಏಕೆಂದರೆ ಅವರು ಹಿಂದೆ ಸರಿಯುವುದು ಬೀಟು ಎಲ್ಲಿದೆಯೆಂದು ಪ್ರತಿ ಕ್ಷಣವೂ ತಿಳಿದುಕೊಂಡೇ.