1862ರ ರಾಣಿ ರೂಪಾಯಿ ನಿಜಕ್ಕೂ ಅಪರೂಪವಾ? ಆನ್‌ಲೈನ್‌ನಲ್ಲಿ ಕೊಳ್ಳುವ ಮುಂಚೆ ಏನು ನೋಡಬೇಕು?

ನೀವು ಕೇಳಿರುವುದು ಇಷ್ಟು. ಆನ್‌ಲೈನ್‌ನಲ್ಲಿ ಒಬ್ಬರು 1862ರ ವಿಕ್ಟೋರಿಯಾ ಬೆಳ್ಳಿ ರೂಪಾಯಿಯನ್ನು ‘ಅತಿ ಅಪರೂಪ, 160 ವರ್ಷ ಹಳೆಯದು’ ಅಂತ ಹಾಕಿ 9,500 ರೂಪಾಯಿ ಕೇಳುತ್ತಿದ್ದಾರೆ. ಮಸ್ಕತ್‌ನಲ್ಲಿರುವ ತಮ್ಮನಿಗೆ ಉಡುಗೊರೆ ಕಳಿಸೋಣ ಅಂತಿದ್ದೀರಿ. ತಗೋಬಹುದಾ, ಅಪರೂಪದ್ದು ಯಾವುದು ಮಾಮೂಲಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ ಅನ್ನುವುದು ಪ್ರಶ್ನೆ.

ಸದ್ಯಕ್ಕೆ ತಗೋಬೇಡಿ. ಅದು ನಕಲಿ ಅಂತ ನಾನು ಹೇಳುತ್ತಿಲ್ಲ. ಅವರು ಹಾಕಿರುವ ಫೋಟೋದಲ್ಲಿ ರಾಣಿ ಮುಖ ಚೆನ್ನಾಗಿ ಕಾಣುತ್ತಿದೆ, ಬೆಲೆ ನಿರ್ಧಾರ ಮಾಡುವ ಹಿಂಭಾಗ ಮಾತ್ರ ಓರೆಯಾಗಿ, ಮಬ್ಬಾಗಿ ಇದೆ. ಹತ್ತು ವರ್ಷದಿಂದ ಈ ಚಟ ಇರುವ ನನ್ನ ಅನುಭವದಲ್ಲಿ ಇದು ಅಪ್ಪಿತಪ್ಪಿ ಆಗುವುದು ಕಡಿಮೆ.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಿ. ಹಳೆಯದು ಅಂದರೆ ಅಪರೂಪ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕಾಲದಲ್ಲಿ ರೂಪಾಯಿ ಮೇಲೆ ಪ್ರತಿ ವರ್ಷ ಇಸವಿ ಬದಲಾಯಿಸುತ್ತಿರಲಿಲ್ಲ. ನಾಲ್ಕನೇ ವಿಲಿಯಂ ಮುಖದ ರೂಪಾಯಿ 1835ರಿಂದ 1840ರವರೆಗೆ ಹೊಡೆದರೂ ಎಲ್ಲದರ ಮೇಲೂ 1835. ಆಮೇಲೆ ವಿಕ್ಟೋರಿಯಾ ಬಂದಳು, 1862ರವರೆಗೂ 1840 ಅಂತಲೇ ಇತ್ತು. ಕಂಪನಿ ಹೋಗಿ ರಾಣಿ ಸರ್ಕಾರ ಬಂದ ಮೇಲೂ ಅದೇ ಕಥೆ, 1862 ಅಂತ ಒಮ್ಮೆ ಹಾಕಿದ್ದನ್ನು 1874ರಲ್ಲಿ ನಿಜವಾದ ಇಸವಿ ಹಾಕಲು ಶುರು ಮಾಡುವವರೆಗೂ ಎಳೆದರು. ಅಂದರೆ 39 ವರ್ಷಕ್ಕೆ ಮೂರೇ ಇಸವಿ. ನಿಮ್ಮ 1862 ಅನ್ನುವುದು ಒಂದು ವರ್ಷದ ನಾಣ್ಯ ಅಲ್ಲ, ಹನ್ನೆರಡು ವರ್ಷದ ರಾಶಿ. ಹಬ್ಬದ ದಿನ ಲಕ್ಷ್ಮಿ ಮುಂದೆ ಇಡುವ ‘ರಾಣಿ ರೂಪಾಯಿ’ ಎಷ್ಟೋ ಮನೆಗಳಲ್ಲಿ ಇದೇ ಇರುತ್ತದೆ, ನಿಮ್ಮ ಅಜ್ಜಿಯ ಡಬ್ಬಿಯಲ್ಲೂ ಒಂದು ಇರಬಹುದು, ಮೊದಲು ಅಲ್ಲಿ ಹುಡುಕಿ!

ಹಾಗಾದರೆ 1862ರಲ್ಲಿ ಅಪರೂಪದ್ದೇ ಇಲ್ಲವಾ? ಇದೆ, ಮಜಾ ಇರುವುದೇ ಅಲ್ಲಿ. ಇಸವಿ ಒಂದೇ ಇಟ್ಟರೂ ಮುಂಬಯಿ ಟಂಕಸಾಲೆಯವರು ಯಾವ ವರ್ಷ ಹೊಡೆದದ್ದು ಅಂತ ಗೊತ್ತಾಗಲು ಹಿಂಭಾಗದಲ್ಲಿ ಪುಟ್ಟ ಪುಟ್ಟ ಚುಕ್ಕಿ ಇಡುತ್ತಿದ್ದರು. ‘ಒನ್ ರುಪೀ’ ಅನ್ನುವುದರ ಮೇಲೆ ಒಂದಿಷ್ಟು, 1862ರ ಕೆಳಗೆ ಒಂದಿಷ್ಟು. ಸಂಗ್ರಹಕಾರರು ಮೇಲಿನದು ಎಷ್ಟು, ಕೆಳಗಿನದು ಎಷ್ಟು ಅಂತ ಎಣಿಸಿ ಹೆಸರಿಡುತ್ತಾರೆ. ಚುಕ್ಕಿ ಇಲ್ಲದ್ದು ಸುಲಭವಾಗಿ ಸಿಗುತ್ತದೆ, ಚುಕ್ಕಿಗಳ ಕೆಲವು ಜೋಡಿಗೆ ಮಾತ್ರ ಜನ ಹುಡುಕಾಡುತ್ತಾರೆ. ಇದರ ಮೇಲೆ ಇನ್ನೂ ಎರಡು ಭೇದ: ರಾಣಿಯ ಉಡುಪಿನ ಎದೆಭಾಗದ ಕುಸುರಿ ನೋಡಿ ಎ ಮತ್ತು ಬಿ ಅಂತ, ಹಿಂಭಾಗದ ಬಳ್ಳಿಯ ತುದಿಯಲ್ಲಿರುವ ಹೂವು ನೋಡಿ ಒಂದು ಮತ್ತು ಎರಡು ಅಂತ ಸಂಗ್ರಹಕಾರರು ಹೆಸರಿಟ್ಟಿದ್ದಾರೆ. ಇವೆಲ್ಲ ಸೇರಿ ಒಂದು ರೂಪಾಯಿಯ ಜಾತಕ ಆಗುತ್ತದೆ.

ಈಗ ಗೊತ್ತಾಯ್ತಲ್ಲ, ಓರೆ ಫೋಟೋದ ಗುಟ್ಟು. ಚುಕ್ಕಿಗಳು ಸಾಸಿವೆ ಕಾಳಿಗಿಂತ ಚಿಕ್ಕವು. ಮಬ್ಬು ಫೋಟೋದಲ್ಲಿ ಕೊಳೆಯೂ ಚುಕ್ಕಿಯ ಹಾಗೆ ಕಾಣುತ್ತದೆ, ಸವೆದ ಚುಕ್ಕಿ ಕಾಣದೇ ಹೋಗುತ್ತದೆ. ಅಚ್ಚು ಮಾಡಿ ಎರಕ ಹೊಯ್ದ ನಕಲಿಯಾದರೆ ಮೇಲೆಲ್ಲ ಗುಳ್ಳೆ ಎದ್ದಿರುತ್ತದೆ, ಅದನ್ನೂ ಚುಕ್ಕಿ ಅಂತ ಮಾರಿದವರಿದ್ದಾರೆ. ನಿಜವಾದ ಚುಕ್ಕಿ ದುಂಡಗೆ, ಇಸವಿಗೆ ಒಂದು ಲೆಕ್ಕದಲ್ಲಿ ಕೂತಿರುತ್ತದೆ, ಎಲ್ಲೆಂದರಲ್ಲಿ ಚೆಲ್ಲಿದ ಹಾಗೆ ಇರುವುದಿಲ್ಲ.

ನಾನು ಮೋಸ ಹೋಗಿದ್ದು ಮಾತ್ರ ಚುಕ್ಕಿಯಲ್ಲಿ ಅಲ್ಲ, ಅಂಕಿಯಲ್ಲಿ. ಶುರುವಿನ ದಿನಗಳಲ್ಲಿ ಆರನೇ ಜಾರ್ಜ್‌ನ 1939ರ ರೂಪಾಯಿ ಒಂದು ಕಣ್ಣಿಗೆ ಬಿತ್ತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಅದಕ್ಕೂ ಮುಂಚಿನ ಕೊನೆಯ ಒಳ್ಳೆಯ ಬೆಳ್ಳಿ ರೂಪಾಯಿ ಇದು, ಚಲಾವಣೆಗೆ ಬಂದದ್ದು ತೀರಾ ಕಡಿಮೆ ಅಂತ ಓದಿದ್ದೆ. ಮಾರುವವನು ‘ತಾತನ ಪೆಟ್ಟಿಗೆಯಲ್ಲಿ ಸಿಕ್ಕಿತು ಸರ್, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ’ ಅಂದ. ಏನೂ ಗೊತ್ತಿಲ್ಲದವನು 7,000 ಅಂತ ಲೆಕ್ಕ ಹಾಕಿ ಹೇಗೆ ಕೇಳಿದ ಅಂತ ನನಗೆ ಆಗ ಹೊಳೆಯಲಿಲ್ಲ. ದುಡ್ಡು ಹಾಕಿದೆ, ನಾಣ್ಯ ಬಂತು. ನಮ್ಮ ಬೀದಿಯ ಬೆಳ್ಳಿ ಅಂಗಡಿಯವರು ಒರೆಗೆ ಹಚ್ಚಿ ಬೆಳ್ಳಿ ಸರಿಯಿದೆ ಅಂದರು. ತೂಕವೂ ಸರಿ. ಮನೆಗೆ ಬಂದು ಭೂತಗನ್ನಡಿ ಹಿಡಿದೆ. 1, 9, 3 ಮೂರರ ಸುತ್ತಲೂ ಹಳೆ ಕಪ್ಪು ಕೂತಿದೆ, ಕೊನೆಯ 9ರ ಕೆಳಗೆ ಎಡಕ್ಕೆ ಮಾತ್ರ ಫಳಫಳ ಹೊಳೆಯುತ್ತಿದೆ, ಅಲ್ಲಿ ಎರಡು ಸಣ್ಣ ಅರದ ಗೀರು, ನೆಲವೂ ಚೂರು ತಗ್ಗು. 1938ರ 8ರ ಕೆಳ ಸೊನ್ನೆಯ ಎಡಭಾಗ ಕೆರೆದರೆ 9 ಆಗುತ್ತದೆ, ಅಲ್ವಾ? ಬೆಳ್ಳಿ ಅಸಲಿ, ತೂಕ ಅಸಲಿ, ರಾಜನ ಮುಖವೂ ಅಸಲಿ, ಸುಳ್ಳು ಇದ್ದದ್ದು ಆ ಒಂದು ಅಂಕಿಯ ಕಾಲಿನಲ್ಲಿ. ವಾಪಸ್ ತಗೋ ಅಂದರೆ ಆಸಾಮಿ ಫೋನ್ ಎತ್ತಲಿಲ್ಲ.

ಅವತ್ತಿನಿಂದ ನಾನು ಮಾಡುವುದು ಒಂದೇ. ಯಾವ ನಾಣ್ಯವೇ ಆಗಲಿ, ಅದನ್ನು ಅಪರೂಪ ಮಾಡುವ ಗುರುತು ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳುತ್ತೇನೆ, ಆಮೇಲೆ ಆ ಗುರುತಿನದೇ ಹತ್ತಿರದ ಫೋಟೋ ಕೇಳುತ್ತೇನೆ. ನೆಟ್ಟಗೆ ಮೇಲಿಂದ ತೆಗೆದದ್ದು, ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ನನ್ನ ಹೆಸರು ಬರೆದ ಚೀಟಿ ಇಟ್ಟು. ಚೀಟಿ ಯಾಕೆಂದರೆ ಒಂದೇ ಒಳ್ಳೆ ನಾಣ್ಯದ ಫೋಟೋ ತೋರಿಸಿ ಹತ್ತು ಜನಕ್ಕೆ ಹತ್ತು ಸವೆದ ನಾಣ್ಯ ಕಳಿಸುವವರು ಇದ್ದಾರೆ. ಅಂಚಿನದೂ ಒಂದು ಫೋಟೋ ಬೇಕು. ಎರಕದ ನಕಲಿಯಲ್ಲಿ ಅಂಚಿನ ಗೀರುಗಳ ನಡುವೆ ಕೂಡಿಸಿದ ಗೆರೆ ಸಿಗಬಹುದು. ಇನ್ನೊಂದು, ನಮ್ಮ ಕಡೆ ಈ ರೂಪಾಯಿಗಳನ್ನು ಸರಕ್ಕೆ ಹಾಕುತ್ತಿದ್ದರು, ಲಂಬಾಣಿ ಹೆಂಗಸರ ಒಡವೆಗಳಲ್ಲಿ ಈಗಲೂ ನೋಡಬಹುದು. ಹಾಗೆ ಕೊಂಡಿ ಬೆಸೆದು ಆಮೇಲೆ ಕಿತ್ತಿದ್ದರೆ ರಾಣಿಯ ತಲೆಯ ಮೇಲಿನ ಅಂಚಿನಲ್ಲಿ ಬೆಸುಗೆಯ ಕಲೆ ಉಳಿದಿರುತ್ತದೆ, ಸಂಗ್ರಹಕ್ಕೆ ಬೆಲೆ ಬಿದ್ದುಹೋಯಿತು. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದೂ ಅಷ್ಟೇ. ‘ಹೊಸದರಂತಿದೆ’ ಅಂತ ಬರೆದಿದ್ದರೆ ನನಗೆ ಮೊದಲು ನೆನಪಾಗುವುದು ಹುಣಸೆಹಣ್ಣು.

ಹೆಸರಿನ ಮೇಲೆ ವ್ಯಾಪಾರ ಆಗುವುದಕ್ಕೆ ಒಳ್ಳೆ ಉದಾಹರಣೆ ‘ಹಂದಿ ರೂಪಾಯಿ’. 1911ರಲ್ಲಿ ಐದನೇ ಜಾರ್ಜ್‌ನ ಮೊದಲ ರೂಪಾಯಿ ಬಂದಾಗ ಅವನ ನಿಲುವಂಗಿಯ ಮೇಲಿನ ಪುಟ್ಟ ಆನೆಗೆ ಸೊಂಡಿಲು ಗಿಡ್ಡ ಆಗಿ ಜನಕ್ಕೆ ಹಂದಿ ಥರ ಕಂಡಿತು, ಗಲಾಟೆ ಆಯಿತು. ಸುಮಾರು 94 ಲಕ್ಷ ಹೊಡೆದಿದ್ದರಲ್ಲಿ 7 ಲಕ್ಷದಷ್ಟು ಹೊರಗೆ ಹೋಗಿತ್ತು, ಉಳಿದದ್ದನ್ನು ಕರಗಿಸಿದರು, 1912ರಿಂದ ಆನೆಯನ್ನು ತಿದ್ದಿದರು. ಈಗ ಆಗುವುದೇನೆಂದರೆ 1917, 1918ರ ಮಾಮೂಲಿ ರೂಪಾಯಿ ಸವೆದು ಸೊಂಡಿಲು ಮಾಯ ಆದಾಗ ಅದೂ ಹಂದಿಯೇ! ಅದನ್ನು ಝೂಮ್ ಮಾಡಿ ತೋರಿಸಿ ಮಾರುತ್ತಾರೆ. ಇಲ್ಲಿ ಪ್ರಾಣಿಯನ್ನು ನೋಡಲೇಬೇಡಿ, ಇಸವಿ ನೋಡಿ. 1911 ಅಂತ ಇಲ್ಲದಿದ್ದರೆ ಮುಂದಕ್ಕೆ ಹೋಗಿ.

ಟಿಪ್ಪುವಿನ ಆನೆ ಕಾಸೂ ಹಾಗೆಯೇ, ಎಲ್ಲರೂ ಆನೆ ಇರುವ ಕಡೆಯ ಫೋಟೋ ಹಾಕುತ್ತಾರೆ. ಬೇಕಾದದ್ದು ಇನ್ನೊಂದು ಬದಿ, ಯಾವ ಊರಿನ ಟಂಕಸಾಲೆ ಅಂತ ಪಾರ್ಸಿಯಲ್ಲಿ ಇರುವುದು ಅಲ್ಲಿ. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು, ಇವೆರಡು ಬೇಕಾದಷ್ಟು ಸಿಗುತ್ತವೆ. ಚಿತ್ರದುರ್ಗಕ್ಕೆ ಫರ್ರೂಖ್‌ಯಾಬ್ ಹಿಸಾರ್, ಧಾರವಾಡಕ್ಕೆ ಖುರ್ಷೀದ್ ಸವಾದ್ ಅಂತ ಅವನೇ ಹೆಸರು ಕೊಟ್ಟಿದ್ದ. ಆಳ್ವಿಕೆಯ ನಡುವೆ ಮೌಲೂದಿ ಶಕೆ ಅನ್ನುವ ತನ್ನದೇ ಕಾಲಗಣನೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇನ್ನು ಆನೆಯ ಮೇಲೆ ಕನ್ನಡದಲ್ಲಿ ‘ಶ್ರೀ’ ಅಂತ ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು, ಟಿಪ್ಪುದಲ್ಲ. ಅದನ್ನೂ ಟಿಪ್ಪು ಹೆಸರಲ್ಲಿ ಮಾರುವವರಿಗೆ ಕನ್ನಡ ಓದಲು ಬರಲ್ಲ, ನಮಗೆ ಬರುತ್ತದಲ್ಲ.

ಇನ್ನು ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದು ಇನ್ನೊಂದು ಕಡೆ ರಾಮ ಸೀತೆ ಲಕ್ಷ್ಮಣ, ಇಲ್ಲಾ ಹನುಮಂತ ಇರುವ ತಾಮ್ರದ ಬಿಲ್ಲೆಗಳು. ಅವು ನಾಣ್ಯವೇ ಅಲ್ಲ. ಕಂಪನಿ ಅಂಥದ್ದು ಯಾವತ್ತೂ ಹೊಡೆದಿಲ್ಲ. ದೇವರ ಮನೆಯಲ್ಲಿ ಇಟ್ಟುಕೊಳ್ಳಿ, ಸಂತೋಷ, ಸಾವಿರಗಟ್ಟಲೆ ಕೊಡಬೇಡಿ. ವೈಷ್ಣೋದೇವಿ ಚಿತ್ರದ 5 ರೂಪಾಯಿಗೆ ಲಕ್ಷ ಸಿಗುತ್ತದೆ ಅನ್ನುವುದು ಸುಮ್ನೆ ಮಾತು, ಅದು 2012ರ ಸ್ಮರಣಾರ್ಥ ನಾಣ್ಯ, ಚಿಲ್ಲರೆಯಲ್ಲೇ ಬಂದದ್ದು. ಈಗಿನ ನಾಣ್ಯಗಳಲ್ಲಿ ಇಸವಿಯ ಕೆಳಗಿನ ಗುರುತು ಟಂಕಸಾಲೆಯದು ಅಷ್ಟೇ: ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಾಲ್ಕೂ ಟಂಕಸಾಲೆಯದು ನಿಮ್ಮ ಜೇಬಲ್ಲೇ ಇರಬಹುದು. ಯಾರಾದರೂ ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಹಳೆ ನಾಣ್ಯದ ವ್ಯಾಪಾರಕ್ಕೆ ಕಮಿಷನ್ನು, ತೆರಿಗೆ ಅಂತ ದುಡ್ಡು ಕೇಳಿದರೆ ಅದು ಮೋಸ, 2021ರಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು.

ಈಗ ನಿಮ್ಮ 9,500ಕ್ಕೆ ಬರೋಣ. 1862ರ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಹನ್ನೆರಡರಲ್ಲಿ ಹನ್ನೊಂದು ಪಾಲು, ಹತ್ತಿರ ಹತ್ತಿರ 10.7 ಗ್ರಾಂ. ಇವತ್ತಿನ ಬೆಳ್ಳಿ ರೇಟಿಗೆ ಗುಣಿಸಿ, ಮಾಮೂಲಿ ನಾಣ್ಯಕ್ಕೆ ಅದರ ಮೇಲೆ ಸ್ವಲ್ಪ ಜಾಸ್ತಿ ಕೊಟ್ಟರೆ ಸಾಕು. ಅದಕ್ಕಿಂತ ಎಷ್ಟು ಜಾಸ್ತಿ ಕೇಳಿದರೂ ಚುಕ್ಕಿ ಎಣಿಸಿ ತೋರಿಸುವುದು ಮಾರುವವರ ಕೆಲಸ. ಅದೇ ಜೋಡಿ ಚುಕ್ಕಿಯದು ಹರಾಜಿನಲ್ಲಿ ಎಷ್ಟಕ್ಕೆ ಹೋಗಿದೆ ಅಂತ ಹಳೆಯ ಹರಾಜು ಫಲಿತಾಂಶಗಳಲ್ಲಿ ಹುಡುಕಿ. ಬೇರೆ ಮಾರಾಟಗಾರರು ಎಷ್ಟು ಕೇಳುತ್ತಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ, ಕೇಳುವುದಕ್ಕೇನು, ನಾನೂ ಕೋಟಿ ಕೇಳಬಹುದು.

ಮಸ್ಕತ್ ವಿಷಯ ಮಾತ್ರ ಬಿಟ್ಟುಬಿಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆ ಪ್ರಕಾರ ಪುರಾತನ ವಸ್ತು, ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ, ಪಾರ್ಸೆಲ್‌ನಲ್ಲೂ ಇಲ್ಲ, ತಮ್ಮ ಬಂದಾಗ ಬ್ಯಾಗಲ್ಲೂ ಇಲ್ಲ. 1862ರದ್ದು ನಿಮಗೇ ಇಟ್ಟುಕೊಳ್ಳಿ. ಅವನಿಗೆ 1947ರ ನಿಕಲ್ ರೂಪಾಯಿ ಕೊಡಿ, ಹಿಂದೆ ಹುಲಿ ಇರುವುದು. ಸ್ವಾತಂತ್ರ್ಯ ಬಂದ ವರ್ಷದ್ದು, ನೂರು ತುಂಬಿಲ್ಲ, ಬೆಲೆಯೂ ಕಡಿಮೆ. ಅದು ಅಯಸ್ಕಾಂತಕ್ಕೆ ಅಂಟಿಕೊಂಡರೆ ನಕಲಿ ಅಂತ ಗಾಬರಿ ಆಗಬೇಡಿ, ನಿಕಲ್ ಅಂಟಲೇಬೇಕು.